ಗೃಹಸ್ಥರ ಹಿತ್ತಲು: ಮೊದಲ ಸಲ ಕೋಳಿ ಸಾಕುವವರಿಗೆ

ಕಳೆದ ತಿಂಗಳು ಇದೇ ಪುಟದಲ್ಲಿ ನಾವು ತೊಂಡೆಯ ಚಪ್ಪರದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆದಿದ್ದೆವಷ್ಟೆ. ಅದನ್ನೋದಿದ ವಾಚಕ ಸೋದರಿಯೊಬ್ಬರು ನಮಗೆ ಕಾಗದ ಬರೆದು, "ಚಪ್ಪರದ ಪಕ್ಕದಲ್ಲಿ ಸ್ಥಳವು ಸುಮ್ಮನೆ ಬಿದ್ದಿದೆ, ಮಕ್ಕಳು ಕೋಳಿ ಬೇಕೆಂದು ಹಟ ಹಿಡಿದಿದ್ದಾರೆ, ನಮ್ಮ ಯಜಮಾನರು ಬೇಡವೇ ಬೇಡವೆನ್ನುತ್ತಾರೆ, ತಾವು ಯಾರ ಪಕ್ಷ?" ಎಂದು ಕೇಳಿರುವರು. ಗಂಡಹೆಂಡಿರ ವ್ಯಾಜ್ಯದಲ್ಲಿ ಪಕ್ಷ ವಹಿಸುವುದು ನಮ್ಮಂಥವರ ಕೆಲಸವಲ್ಲ. ಆದರೆ ಕೋಳಿಯ ವಿಷಯದಲ್ಲಿ ನಾವು ಹಣ ತೆತ್ತು ಕಲಿತ ಪಾಠವೊಂದುಂಟು. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವೆವು. ತೀರ್ಪನ್ನು ಆ ದಂಪತಿಗಳೇ ಮಾಡಿಕೊಳ್ಳಲಿ. ಮೊಟ್ಟೆ ಮಾಂಸಗಳನ್ನು ಮುಟ್ಟದ ಮನೆಗಳವರು ಈ ತಿಂಗಳು ನಮ್ಮನ್ನು ಕ್ಷಮಿಸಿ ಪುಟವನ್ನು ಮಗುಚಬಹುದು. ಆದರೂ ಒಂದು ಜೀವವನ್ನು ಮನೆಗೆ ತರುವುದರ ಹೊಣೆಯೆಂಥದೆಂಬುದು ಹಸುವನ್ನು ಕಟ್ಟುವವರಿಗೂ ಗಿಣಿಯಂತೆ ಮಗುವನ್ನು ಬೆಳೆಸುವವರಿಗೂ ಸಮಾನವಾದ ಮಾತೇ ಅಲ್ಲವೆ?

ತನ್ನ ಕೋಳಿ ಕೂಗಿದುದರಿಂದಲೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಮುದುಕಿಯ ಕಥೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಕೋಳಿ ಸಾಕುವುದಕ್ಕೆ ಹೊರಟ ಹೊಸಬರಲ್ಲಿಯೂ ಆ ಮುದುಕಿಯ ಅಂಶವು ಸ್ವಲ್ಪ ಇದ್ದೇ ಇರುವುದು. ಅವರ ಮನಸ್ಸೆಲ್ಲ ಬೆಳಗಿನ ಮೇಲೆ. ಹುಂಜದ ಕೂಗು, ಬೆಚ್ಚನೆಯ ಮೊಟ್ಟೆ, ಮಕ್ಕಳ ಸಂಭ್ರಮ, ಇವೇ ಅವರ ಕಣ್ಣ ಮುಂದೆ ಕುಣಿಯುವುವು. ನಾವೂ ಹಾಗೆಯೇ ಹೊರಟವರು. ಆರು ಹೇಂಟೆಗಳನ್ನು ತರುವುದೆಂದು ನಿಶ್ಚಯಿಸಿ, ನಮ್ಮ ಬೀದಿಯ ಕೊನೆಯಲ್ಲಿ ಐವತ್ತು ವರ್ಷಗಳಿಂದ ಕೋಳಿ ಸಾಕಿಕೊಂಡಿದ್ದ ಅಜ್ಜಿಯೊಬ್ಬಳನ್ನು ಮಾತಿಗೆ ಕರೆದೆವು. ಎಷ್ಟು ಮೊಟ್ಟೆ ಬರಬಹುದು, ಯಾವ ಜಾತಿ ಒಳ್ಳೆಯದು ಎಂದೆಲ್ಲ ಕೇಳಿದೆವು. ಆಕೆ ಎಲೆಯಡಿಕೆಯನ್ನು ಮೆಲ್ಲುತ್ತ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಸ್ವಾಮಿ, ಸಂಜೆ ಹೊತ್ತು ಬಾಗ್ಲು ಹಾಕೋರು ಯಾರು?" ಎಂದಳು. ನಾವು ನಕ್ಕು, "ಮನೆಯಲ್ಲಿ ಐದು ಮಂದಿ ಇದ್ದೇವಲ್ಲ ಅಜ್ಜಿ, ಯಾರಾದರೂ ಹಾಕುತ್ತಾರೆ" ಎಂದೆವು. "ಯಾರಾದ್ರೂ ಅಂದ್ರೆ ಯಾರೂ ಇಲ್ಲ ಅಂತ ಅರ್ಥ" ಎಂದು ಆಕೆ ಎದ್ದು ಹೋದಳು.

ಆ ಮಾತಿನ ಅರ್ಥವು ನಮಗಾದುದು ಎಂಟು ತಿಂಗಳ ಮೇಲೆ. ಅಂದು ನೆಂಟರ ಮನೆಯಲ್ಲಿ ಮದುವೆ. ನಾವು ಹಿಂತಿರುಗುವಾಗ ರಾತ್ರಿ ಹತ್ತು ಗಂಟೆ ಕಳೆದಿದ್ದಿತು. ಮುಂದಾಗಿ ಬಂದವರು ಗೂಡಿನ ಅಗುಳಿಯನ್ನು ಹಾಕಿರುವರೆಂದು ನಾವು ತಿಳಿದೆವು. ಹಿಂದೆ ಬರುವವರು ಹಾಕುವರೆಂದು ಅವರು ತಿಳಿದಿದ್ದರು. ಬೆಳಗ್ಗೆ ನೋಡುವಲ್ಲಿ ಬಾಗಿಲು ಗಾಳಿಗೆ ಆಡುತ್ತಿದ್ದಿತು. ಆರರಲ್ಲಿ ಎರಡು ಕೋಳಿಗಳು ಬೇಲಿಯ ಮೇಲಣ ನುಗ್ಗೆಯ ಕೊಂಬೆಯಲ್ಲಿ ನಡುಗುತ್ತ ಕುಳಿತಿದ್ದುವು. ಮೂರು ಗೂಡಿನೊಳಗೇ ಸತ್ತು ಬಿದ್ದಿದ್ದುವು. ಆರನೆಯದರ ಗರಿಗಳು ಮಾತ್ರ ಬಾವಿಯ ಕಟ್ಟೆಯವರೆಗೆ ಚೆಲ್ಲಿದ್ದುವು. ಅದು ನಮ್ಮ ಕಿರಿಯ ಮಗಳು ಚುಕ್ಕಿಯೆಂದು ಹೆಸರಿಟ್ಟು ಕೈಯಲ್ಲಿ ಕಾಳು ತಿನ್ನಿಸುತ್ತಿದ್ದ ಹೇಂಟೆ. ಬಂದುದು ಪುನುಗುಬೆಕ್ಕೋ ಕಾಡುಬೆಕ್ಕೋ ನಾವು ಕಾಣೆವು. ಮಗಳು ಅಳಲಿಲ್ಲ. "ನಿನ್ನೆ ಬಾಗಿಲು ಹಾಕುವ ಸರದಿ ಯಾರದಾಗಿತ್ತು ಅಪ್ಪ?" ಎಂದು ಮಾತ್ರ ಕೇಳಿದಳು. ಸರದಿಯೆಂಬುದನ್ನು ನಾವು ಗೊತ್ತುಮಾಡಿಯೇ ಇರಲಿಲ್ಲ. ಉತ್ತರ ಹೇಳುವುದಕ್ಕೆ ನಮ್ಮಲ್ಲಿ ಏನೂ ಇರಲಿಲ್ಲ.

ಇದನ್ನು ವಾಚಕರನ್ನು ಹೆದರಿಸುವುದಕ್ಕಾಗಿ ಬರೆಯುತ್ತಿಲ್ಲ. ಆ ಉಳಿದ ಎರಡು ಕೋಳಿಗಳಿಂದಲೇ ನಾವು ಮತ್ತೆ ಪ್ರಾರಂಭಿಸಿ, ಇಂದಿಗೂ ಸಾಕುತ್ತಿದ್ದೇವೆ. ಆದರೆ ಕೋಳಿಸಾಕಣೆಯಲ್ಲಿ ಕ್ರಮವೇ ಮುಖ್ಯ. ಮೊದಲು ಹೊಣೆ, ಅನಂತರ ಗೂಡು, ಆ ಮೇಲೆ ಕೋಳಿ. ಬಹುಮಂದಿ ಇದನ್ನು ತಿರುಗುಮುರುಗು ಮಾಡಿ, ಸಂತೆಯಿಂದ ಕೋಳಿಯನ್ನು ಕಾಲು ಕಟ್ಟಿ ತಂದು, ಆ ರಾತ್ರಿ ಅದನ್ನು ಮಂಕರಿಯ ಕೆಳಗೆ ಕವುಚಿ, ಮರುದಿನ ಗೂಡಿಗೆ ಹಲಗೆ ಹುಡುಕುವರು. ಹೀಗಾಗಕೂಡದು.

ಗೂಡಿನ ವಿಚಾರ

ಹಗಲೆಲ್ಲ ಹಿತ್ತಲಿನಲ್ಲಿ ಮೇಯುವ ಕೋಳಿಗೆ ರಾತ್ರಿ ಮಲಗುವುದಕ್ಕೆ ಒಂದಕ್ಕೆ ಎರಡು ಚದರಡಿಯಷ್ಟು ಸ್ಥಳ ಸಾಕು. ಆರು ಕೋಳಿಗಳಿಗೆ ನಾಲ್ಕಡಿ ಉದ್ದ ಮೂರಡಿ ಅಗಲದ ಗೂಡು ಒಪ್ಪುವುದು. ಹಗಲೂ ಒಳಗೇ ಇರಿಸಬೇಕಾದ ಪಟ್ಟಣದ ಮನೆಗಳಲ್ಲಿ ಇದರ ಜೊತೆಗೆ ಜಾಲರಿ ಹೊದಿಸಿದ ಅಂಗಳವೊಂದು ಅವಶ್ಯ. ಅಲ್ಲಿ ಕೋಳಿಯೊಂದಕ್ಕೆ ಹತ್ತು ಚದರಡಿಯಾದರೂ ಇರಬೇಕು. ಇಕ್ಕಟ್ಟಿನಲ್ಲಿ ಕೂಡಿದ ಕೋಳಿಗಳು ಒಂದರ ಗರಿಯನ್ನೊಂದು ಕಿತ್ತು ರಕ್ತ ಬರುವಂತೆ ಕುಕ್ಕುವುವು. ಒಮ್ಮೆ ರಕ್ತವನ್ನು ಕಂಡ ಮೇಲೆ ಆ ಚಾಳಿಯನ್ನು ಬಿಡಿಸುವುದು ಬಹು ಕಷ್ಟ.

ಗೂಡನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಕಲ್ಲುಕಂಬಗಳ ಮೇಲೆ ನಿಲ್ಲಿಸುವುದು ಲೇಸು. ಮಳೆಯ ನೀರು ಒಳಗೆ ಬಾರದು. ಹೆಗ್ಗಣವು ಕೆಳಗಿನಿಂದ ತೋಡಲಾರದು. ಉದ್ದವು ಪೂರ್ವಪಶ್ಚಿಮವಾಗಿದ್ದರೆ ಬಿಸಿಲಿನ ಬೇಗೆ ಕಡಮೆ. ಮೇಲ್ಭಾಗದಲ್ಲಿ ಗಾಳಿಯಾಡುವುದಕ್ಕೆ ಜಾಲರಿಯನ್ನಿಡಬೇಕು. ಅಂಗಡಿಯಲ್ಲಿ ಕೋಳಿಜಾಲರಿಯೆಂದು ಮಾರುವ ತೆಳುವಾದ ಆರುಮೂಲೆಯ ತಂತಿಯು ಕೋಳಿಯನ್ನು ಒಳಗಿಡುವುದಕ್ಕೆ ಸಾಲುವುದೇ ಹೊರತು ಶತ್ರುವನ್ನು ಹೊರಗಿಡುವುದಕ್ಕೆ ಸಾಲದು; ನಾಯಿಯು ಅದನ್ನು ಹರಿಯಬಲ್ಲುದು. ಅರ್ಧ ಅಂಗುಲದ ಕಣ್ಣುಳ್ಳ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನೇ ಹಾಕಿಸಿರಿ. ಅದರೊಳಗೆ ಇಲಿಯೂ ಹಾವೂ ನುಸುಳಲಾರವು. ಬಾಗಿಲಿಗೆ ಬರಿಯ ದಾರವನ್ನು ಸುತ್ತುವುದಲ್ಲ. ಎಳೆದು ಸಿಕ್ಕಿಸುವ ಅಗುಳಿಯಿರಲಿ.

ಒಳಗೆ ಕೋಳಿಗಳು ಕೂರುವುದಕ್ಕೆ ಸುಮಾರು ಎರಡಂಗುಲ ದಪ್ಪದ, ಅಂಚು ಕೆತ್ತಿ ದುಂಡಾಗಿಸಿದ ಅಡ್ಡಗೋಲು ಬೇಕು. ಒಂದೊಂದಕ್ಕೆ ಎಂಟಂಗುಲದಷ್ಟು ಸ್ಥಳವಿರಲಿ. ಮೂರು ನಾಲ್ಕು ಹೇಂಟೆಗಳಿಗೊಂದರಂತೆ, ಒಂದಡಿ ಉದ್ದಗಲದ ಮೊಟ್ಟೆಪೆಟ್ಟಿಗೆಯನ್ನು ಕತ್ತಲೆಯಾದ ಮೂಲೆಯಲ್ಲಿಟ್ಟು ಒಣಹುಲ್ಲನ್ನು ಹಾಸಬೇಕು. ಅಡ್ಡಗೋಲು ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಇಲ್ಲವಾದರೆ ಎತ್ತರವನ್ನು ಬಯಸುವ ಕೋಳಿಗಳು ಪೆಟ್ಟಿಗೆಯಲ್ಲಿಯೇ ಮಲಗಿ ಅದನ್ನು ಹೊಲಸು ಮಾಡುವುವು. ನೆಲಕ್ಕೆ ಮೂರಂಗುಲ ಭತ್ತದ ಹೊಟ್ಟನ್ನು ಹರಡಿ, ಆಗಾಗ ಕೆದಕಿ, ಒದ್ದೆಯಾದುದನ್ನು ತೆಗೆದು ಹೊಸದನ್ನು ಹಾಕತಕ್ಕದ್ದು. ತೆಗೆದ ಹೊಟ್ಟನ್ನು ಹಸಿಯಾಗಿಯೇ ಗಿಡಗಳ ಬುಡಕ್ಕೆ ಸುರಿದರೆ ಬೇರು ಸುಡುವುದು. ಗುಂಡಿಯಲ್ಲಿ ಎಲೆಕಸದೊಡನೆ ಎರಡು ಮೂರು ತಿಂಗಳು ಕೊಳೆಯಿಸಿ ಹಾಕಿದರೆ, ಕಳೆದ ತಿಂಗಳು ನಾವು ಹೇಳಿದ ತೊಂಡೆಯ ಚಪ್ಪರಕ್ಕೆ ಅದಕ್ಕಿಂತ ಉತ್ತಮವಾದ ಗೊಬ್ಬರವಿಲ್ಲ.

ಯಾವ ಕೋಳಿ, ಎಷ್ಟು ಕೋಳಿ

ಲೋಕದ ಸಾಕುಕೋಳಿಗಳೆಲ್ಲದರ ಮೂಲಪುರುಷನು ಕೆಂಪು ಕಾಡುಕೋಳಿ. ಆದರೆ ನಮ್ಮ ಪಶ್ಚಿಮಘಟ್ಟಗಳ ಬೂದು ಕಾಡುಕೋಳಿಗೂ ಈ ವಂಶದಲ್ಲಿ ಪಾಲುಂಟು. ಅನೇಕ ಸಾಕುಕೋಳಿಗಳ ಕಾಲು ಮತ್ತು ಚರ್ಮದ ಹಳದಿಯ ಬಣ್ಣವು ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಮಲೆನಾಡಿನಲ್ಲಿ ಬೆಳಗಿನ ಜಾವ ಬೇಲಿಯಾಚೆ ಕೂಗುವ ಆ ಸಂಕೋಚದ ಹಕ್ಕಿಯು ಹೀಗೆ ನಮ್ಮ ಹಿತ್ತಲಿನ ಹೇಂಟೆಗೆ ದೂರದ ನೆಂಟನಾಗಬೇಕು.

ಮೊದಲ ಸಲ ಸಾಕುವವರ ಮುಂದೆ ಎರಡು ದಾರಿಗಳುಂಟು. ಒಂದನೆಯದು ನಾಟಿಕೋಳಿ. ಅದು ವರ್ಷಕ್ಕೆ ಐವತ್ತರಿಂದ ಅರುವತ್ತು ಮೊಟ್ಟೆಗಳನ್ನಿಡುವುದು. ಆದರೆ ತನ್ನ ಮೇವನ್ನು ತಾನೇ ಹುಡುಕಿಕೊಳ್ಳುವುದು, ಹದ್ದಿನ ನೆರಳನ್ನು ಕಂಡೊಡನೆ ಪೊದೆಗೆ ಓಡುವುದು, ಕಾವಿಗೆ ಕುಳಿತು ಮರಿಗಳನ್ನು ಸಾಕುವುದು ಇವೆಲ್ಲ ಅದಕ್ಕೆ ಹುಟ್ಟುಗುಣ. ಎರಡನೆಯದು ಹಿತ್ತಲಿಗೆಂದೇ ವಿದ್ವಾಂಸರು ಬೆಳೆಸಿದ ತಳಿಗಳು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ 1980ರ ದಶಕದಲ್ಲಿ ರೂಪಿಸಿದ ಗಿರಿರಾಜ ತಳಿಯು ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ ಸುಮಾರು 140 ಮೊಟ್ಟೆಗಳನ್ನಿಡುವುದು. 2005ರಲ್ಲಿ ಹೊರಬಂದ ಸ್ವರ್ಣಧಾರಾ ತಳಿಯು 180ರವರೆಗೂ ಇಡಬಲ್ಲುದು. ಗಿರಿರಾಜಕ್ಕಿಂತ ಹಗುರವಾದ ಮೈಯುಳ್ಳದ್ದಾದುದರಿಂದ ಶತ್ರುವಿನಿಂದ ತಪ್ಪಿಸಿಕೊಳ್ಳುವುದೂ ಅದಕ್ಕೆ ಸುಲಭ. ಗಿರಿರಾಜದ ಹೇಂಟೆಯು ಕಾವಿಗೆ ಕೂರುವುದರಲ್ಲಿ ಆಸಕ್ತಿಯಿಲ್ಲದ್ದು. ಆದುದರಿಂದ ಮರಿ ಬೇಕಾದವರು ಅದರ ಮೊಟ್ಟೆಗಳನ್ನು ನಾಟಿಯ ಕೆಳಗಿಡುವರು.

ಲೆಕ್ಕವನ್ನು ನೋಡಿರಿ. ಆರು ನಾಟಿ ಹೇಂಟೆಗಳಿಂದ ತಿಂಗಳಿಗೆ ಮೂವತ್ತರ ಒಳಗೆ. ಆರು ಗಿರಿರಾಜಗಳಿಂದ ತಿಂಗಳಿಗೆ ಎಪ್ಪತ್ತು. ನಾಲ್ಕೈದು ಮಂದಿಯ ಮನೆಗೆ ಇದೇ ಧಾರಾಳ. ಮೊದಲ ವರ್ಷ ಆರಕ್ಕಿಂತ ಹೆಚ್ಚು ಬೇಡ, ನಾಲ್ಕಾದರೂ ಸರಿಯೆ. ಒಂದನ್ನು ಮಾತ್ರ ತರಕೂಡದು. ಕೋಳಿಯು ಗುಂಪಿನ ಪ್ರಾಣಿ, ಒಂಟಿಯಾಗಿ ಕೊರಗುವುದು. ದಿನದ ಮರಿಗಳಿಗೆ ಮೊದಲ ವಾರ 35 ಡಿಗ್ರಿ ಸೆಂಟಿಗ್ರೇಡಿನ ಶಾಖವನ್ನು ಒದಗಿಸಿ ವಾರವಾರವೂ ಸ್ವಲ್ಪ ಸ್ವಲ್ಪವಾಗಿ ತಗ್ಗಿಸಬೇಕಾಗುವುದು. ಹೊಸಬರ ಕೈಯಲ್ಲಿ ಅವು ಉಳಿಯುವುದು ಕಡಮೆ. ಆರು ವಾರ ಬೆಳೆದು ಲಸಿಕೆಯಾದ ಮರಿಗಳನ್ನೇ ಕೊಳ್ಳಿರಿ.

ಮೊಟ್ಟೆಯಿಡುವುದಕ್ಕೆ ಹುಂಜವಿರಲೇಬೇಕೆಂಬುದು ಬಹುಜನರ ತಪ್ಪು ತಿಳಿವಳಿಕೆ. ಹುಂಜವಿಲ್ಲದೆಯೂ ಹೇಂಟೆಯು ಮೊಟ್ಟೆಯಿಡುವುದು. ಅದರಿಂದ ಮರಿಯಾಗದು, ಅಷ್ಟೆ. ಮನೆಗೆ ಮನೆ ತಗುಲಿಕೊಂಡಿರುವ ಬೀದಿಯಲ್ಲಿ ಬೆಳಗಿನ ಮೂರು ಗಂಟೆಗೆ ಕೂಗುವ ಹುಂಜವು ನೆರೆಹೊರೆಯ ಸ್ನೇಹವನ್ನು ಕೆಡಿಸಬಲ್ಲುದು. ಪಟ್ಟಣವಾಸಿಗಳು ತಮ್ಮ ಪೌರಸಭೆಯ ನಿಯಮವನ್ನೂ ಪಕ್ಕದ ಮನೆಯವರ ಮನಸ್ಸನ್ನೂ ಮೊದಲೇ ತಿಳಿದುಕೊಳ್ಳುವುದು ವಿವೇಕ.

ತಂದ ಕೋಳಿಗಳನ್ನು ಆ ದಿನವೇ ಬಿಡಬಾರದು. ನಾಲ್ಕೈದು ದಿನ ಗೂಡಿನಲ್ಲಿಯೇ ಇಟ್ಟು ಮೇವು ನೀರು ಕೊಟ್ಟರೆ, ಇದೇ ತಮ್ಮ ಮನೆಯೆಂಬುದು ಅವುಗಳಿಗೆ ನಿಲ್ಲುವುದು. ಅನಂತರ ಸಂಜೆ ಕತ್ತಲಾಗುವುದಕ್ಕೆ ಒಂದು ಗಂಟೆ ಮೊದಲು ಬಿಟ್ಟು ನೋಡಿರಿ. ಮಬ್ಬು ಕವಿಯುತ್ತಲೇ ತಾವಾಗಿ ಒಳಗೆ ಬರುವುವು. ಮುಂದೆ ಬೇರೆ ಕೋಳಿಗಳನ್ನು ತಂದಾಗ ಎರಡು ಮೂರು ವಾರ ಪ್ರತ್ಯೇಕವಾಗಿಟ್ಟು, ರೋಗವಿಲ್ಲವೆಂದು ಕಂಡ ಮೇಲೆಯೇ ಕೂಡಿಸಬೇಕು.

ಮೇವು ಮತ್ತು ಮೊಟ್ಟೆ

ಬೆಳೆದ ಹೇಂಟೆಯೊಂದು ದಿನಕ್ಕೆ ಸುಮಾರು 110 ಗ್ರಾಂ ಆಹಾರವನ್ನು ತಿನ್ನುವುದು. ಎಲ್ಲವನ್ನೂ ನಾವೇ ಕೊಡುವುದಾದರೆ ಆರು ಕೋಳಿಗಳಿಗೆ ತಿಂಗಳಿಗೆ ಇಪ್ಪತ್ತು ಕಿಲೋಗ್ರಾಂ ಆಗುವುದು. ಹಿತ್ತಲು ದೊಡ್ಡದಾಗಿದ್ದು ಹುಳುಹುಪ್ಪಟೆ, ಗೆದ್ದಲು, ಗರಿಕೆ, ಸೊಪ್ಪು ಸಿಕ್ಕುವಲ್ಲಿ ಅರ್ಧದಷ್ಟು ಉಳಿಯುವುದು. ಮಿಕ್ಕುದಕ್ಕೆ ರಾಗಿ, ನುಚ್ಚಕ್ಕಿ, ಮುರಿದ ಜೋಳ, ಸ್ವಲ್ಪ ಹಿಂಡಿ ಕೊಡಬಹುದು. ಕಾಳು ಮಾತ್ರವೇ ಕೊಟ್ಟರೆ ಮೈ ಬೆಳೆದೀತು, ಮೊಟ್ಟೆ ಬಾರದು. ಮೊಟ್ಟೆಗೆ ಸಸಾರಜನಕವುಳ್ಳ ಆಹಾರ ಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನೂ ಮುಗ್ಗಿದ ಕಾಳನ್ನೂ ಕೋಳಿಗೆ ಹಾಕಿದರೆ ನಷ್ಟವಿಲ್ಲವೆಂದು ಭಾವಿಸುವವರುಂಟು. ಆ ಬೂಷ್ಟಿನ ವಿಷವು ಕೋಳಿಯ ಯಕೃತ್ತನ್ನು ಕೆಡಿಸುವುದು. ಅಡಿಗೆಮನೆಯ ಉಪ್ಪಿನಕಾಯಿ, ಹಪ್ಪಳ ಮೊದಲಾದ ಉಪ್ಪು ಹೆಚ್ಚಿದ ಪದಾರ್ಥಗಳೂ ಬೇಡ.

ಮೊಟ್ಟೆಯ ಚಿಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸುಣ್ಣದ ಅಂಶವೇ. ಅದನ್ನು ಆಹಾರದಲ್ಲಿ ಕೊಡದಿದ್ದರೆ ಹೇಂಟೆಯು ತನ್ನ ಎಲುಬಿನಿಂದ ತೆಗೆದು ಚಿಪ್ಪಿಗೆ ಕೊಡುವುದು. ತಾಯಿಯ ಮೈ ಸವೆಯುವ ಈ ರೀತಿಯು ಗೃಹಿಣಿಯರಿಗೆ ಹೊಸದಲ್ಲ. ಆದುದರಿಂದ ಮುರಿದ ಕಪ್ಪೆಚಿಪ್ಪನ್ನು ಬೇರೆಯ ಬಟ್ಟಲಲ್ಲಿಡಿರಿ. ಬೇಕಾದಷ್ಟನ್ನು ತಾನೇ ಆರಿಸಿಕೊಳ್ಳುವುದು. ಹಲ್ಲಿಲ್ಲದ ಕೋಳಿಗೆ ಕಾಳನ್ನು ಅರೆಯುವುದಕ್ಕೆ ಸಣ್ಣ ಹರಳುಗಳೂ ಅವಶ್ಯ. ಹಿತ್ತಲಿನಲ್ಲಿ ಓಡಾಡುವುದಕ್ಕೆ ಇವು ತಾವಾಗಿ ಸಿಕ್ಕುವುವು. ನೀರು ಎಂದಿಗೂ ತಪ್ಪಕೂಡದು. ಕೋಳಿಯು ತಿಂದುದರ ಎರಡರಷ್ಟು ತೂಕದ ನೀರನ್ನು ಕುಡಿಯುವುದು, ಬೇಸಗೆಯಲ್ಲಿ ಇನ್ನೂ ಹೆಚ್ಚು. ಗೂಡಿನ ಪಕ್ಕದಲ್ಲಿ ಬೂದಿ ಬೆರೆಸಿದ ಒಣಮಣ್ಣಿನ ಗುಂಡಿಯೊಂದಿದ್ದರೆ ಅದರಲ್ಲಿ ಹೊರಳಾಡಿ ಹೇನುಗಳನ್ನು ಕಳೆದುಕೊಳ್ಳುವುದು.

ಐದಾರು ತಿಂಗಳಾಗುತ್ತಲೇ ಹೇಂಟೆಯ ಜುಟ್ಟು ಕೆಂಪೇರುವುದು. ಮೊದಲ ಮೊಟ್ಟೆಗೆ ಅದೇ ಸೂಚನೆ. ಮೊದಮೊದಲಿನವು ಚಿಕ್ಕವು, ಮಕ್ಕಳು ನಿರಾಶರಾಗಬಾರದು. "ದಿನವೂ ಏಕೆ ಇಡುವುದಿಲ್ಲ?" ಎಂದು ನಮ್ಮನ್ನು ಕೇಳದ ಹೊಸಬರಿಲ್ಲ. ಒಂದು ಮೊಟ್ಟೆಯು ಹೇಂಟೆಯ ಗರ್ಭದಲ್ಲಿ ಸಿದ್ಧವಾಗುವುದಕ್ಕೆ ಸುಮಾರು ಇಪ್ಪತ್ತೈದು ಇಪ್ಪತ್ತಾರು ಗಂಟೆಗಳು ಹಿಡಿಯುವುವು. ಅದರಲ್ಲಿ ಇಪ್ಪತ್ತು ಗಂಟೆ ಚಿಪ್ಪಿಗೇ. ಆದುದರಿಂದ ಇಂದು ಎಂಟು ಗಂಟೆಗೆ ಇಟ್ಟುದು ನಾಳೆ ಹತ್ತಕ್ಕೆ, ನಾಡಿದ್ದು ಮಧ್ಯಾಹ್ನಕ್ಕೆ ಜಾರುತ್ತ, ಕೊನೆಗೆ ಒಂದು ದಿನ ಬಿಟ್ಟುಹೋಗುವುದು. ವರ್ಷಕ್ಕೊಮ್ಮೆ ಹಳೆಯ ಗರಿಯುದುರಿ ಹೊಸಗರಿ ಮೂಡುವಾಗ ಮೊಟ್ಟೆಯು ಕೆಲವು ವಾರ ಪೂರಾ ನಿಲ್ಲುವುದೂ ಸಹಜವೇ. ಅದು ರೋಗವೂ ಅಲ್ಲ, ಯಾರ ಕಣ್ಣಿನ ದೋಷವೂ ಅಲ್ಲ. ದೃಷ್ಟಿ ತೆಗೆಯುವ ಬದಲು ಆ ವಾರಗಳಲ್ಲಿ ಮೇವನ್ನು ಚೆನ್ನಾಗಿ ಕೊಡಿರಿ.

ರೋಗ ಮತ್ತು ಲಸಿಕೆ

ಕಾಡುಬೆಕ್ಕು ನಾಲ್ಕು ಕೋಳಿಗಳನ್ನು ಕೊಂದರೆ, ಕೊಕ್ಕರೆ ರೋಗವು ಬೀದಿಯ ಕೋಳಿಗಳನ್ನೆಲ್ಲ ಒಂದೇ ವಾರದಲ್ಲಿ ಕೊಲ್ಲಬಲ್ಲುದು. ರಾಣಿಖೇತ್ ರೋಗವೆಂಬುದೂ ಇದೇ. ಹಿಮಾಲಯದ ತಪ್ಪಲಿನ ರಾಣಿಖೇತಿನಲ್ಲಿ 1928ರ ಸುಮಾರಿಗೆ ಕಾಣಿಸಿಕೊಂಡುದರಿಂದ ನಮ್ಮ ದೇಶದಲ್ಲಿ ಅದಕ್ಕೆ ಆ ಹೆಸರು ನಿಂತಿತು. ಕೋಳಿಯು ಬಾಯ್ದೆರೆದು ಏದುಸಿರು ಬಿಡುವುದು, ಹಸಿರಾಗಿ ಭೇದಿಯಾಗುವುದು, ಕತ್ತು ತಿರುಚಿಕೊಳ್ಳುವುದು, ಇವೇ ಲಕ್ಷಣಗಳು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ಲಸಿಕೆಯುಂಟು. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ನಾಲ್ಕು ವಾರದ ಸುಮಾರಿಗೆ ಇನ್ನೊಮ್ಮೆ, ಎಂಟು ವಾರದ ಸುಮಾರಿಗೆ ಸೂಜಿಮದ್ದು, ಇದು ಸಾಮಾನ್ಯ ಕ್ರಮ. ಸಿಡುಬಿನ ಲಸಿಕೆಯೂ ಬೇರೆಯುಂಟು. ನಿಮ್ಮ ಊರಿನ ಪಶುವೈದ್ಯರು ಹೇಳುವ ದಿನಗಳನ್ನೇ ಅನುಸರಿಸಿರಿ.

ಇಲ್ಲಿ ಒಂದು ತೊಡಕುಂಟು. ಈ ಲಸಿಕೆಯು ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಒಂದೇ ಶೀಸೆಯಲ್ಲಿ ಬರುವುದು, ಮಂಜುಗಡ್ಡೆಯಲ್ಲಿಟ್ಟು ತರಬೇಕು, ಒಮ್ಮೆ ಕದಡಿದ ಮೇಲೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಆರು ಕೋಳಿಯ ಗೃಹಸ್ಥನು "ಇಷ್ಟಕ್ಕೆ ಯಾರು ಅಲೆದಾರು?" ಎಂದು ಬಿಟ್ಟುಬಿಡುವನು. ನಮ್ಮ ಬೀದಿಯಲ್ಲಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದೇವೆ. ಒಂದು ಸಂಜೆಯನ್ನು ಗೊತ್ತುಮಾಡಿ, ಹದಿನಾಲ್ಕು ಮನೆಗಳ ಕೋಳಿಗಳನ್ನು ತಂಪು ಹೊತ್ತಿನಲ್ಲಿ ಒಂದೆಡೆ ಸೇರಿಸಿ, ಒಂದೇ ಶೀಸೆಯಿಂದ ಎಲ್ಲಕ್ಕೂ ಹಾಕಿಸುವೆವು. ಮೊದಲನೆಯ ಸಲ ಶೀಸೆಯನ್ನು ತರಿಸಿದವಳು ಆ ಎಲೆಯಡಿಕೆಯ ಅಜ್ಜಿಯೇ. ಪಕ್ಕದ ಮನೆಯ ಕೋಳಿಯ ಆರೋಗ್ಯವೇ ನಮ್ಮ ಕೋಳಿಯ ಬೇಲಿ ಎಂಬುದನ್ನು ಆಕೆ ನಮಗಿಂತ ಮೊದಲೇ ಬಲ್ಲಳು.

ಮಳೆಗಾಲದಲ್ಲಿ ಹೊಟ್ಟು ಒದ್ದೆಯಾದರೆ ಎಳೆಯ ಮರಿಗಳಿಗೆ ರಕ್ತಭೇದಿ ಹತ್ತುವುದು. ನೆಲವನ್ನು ಒಣಗಿಸಿಡುವುದೇ ಅದಕ್ಕೆ ಮೊದಲ ಚಿಕಿತ್ಸೆ. ಕಾರಣ ಕಾಣದೆ ಹಲವು ಕೋಳಿಗಳು ಒಟ್ಟಿಗೆ ಸತ್ತರೆ ಬರಿಗೈಯಿಂದ ಮುಟ್ಟಬೇಡಿರಿ, ಮಾರಬೇಡಿರಿ, ಕೊಯ್ದು ತಿನ್ನಬೇಡಿರಿ. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ. ಹಕ್ಕಿಜ್ವರವು ಮನುಷ್ಯರಿಗೂ ಅಂಟಬಲ್ಲ ರೋಗ. ಆರೋಗ್ಯವಾದ ಕೋಳಿಯನ್ನು ಮುಟ್ಟಿದ ಮೇಲೂ ಮಕ್ಕಳು ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂರಕೂಡದು. ಇನ್ನು ಕಾಡುಬೆಕ್ಕು ಮುಂಗುಸಿಗಳ ಮೇಲಿನ ಸಿಟ್ಟಿನಿಂದ ವಿಷವನ್ನಿಡುವವರಿದ್ದಾರೆ. ಆ ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಮೇಲಾಗಿ ಅವು ತಮ್ಮ ಹೊಟ್ಟೆಪಾಡನ್ನು ನೋಡಿಕೊಂಡುವೇ ಹೊರತು ತಪ್ಪು ಮಾಡಲಿಲ್ಲ. ನಮ್ಮ ಮನೆಯಲ್ಲಿ ಆ ರಾತ್ರಿ ತಪ್ಪು ಮಾಡಿದವರು ನಾವು.

ಮರಿಯ ಆಸೆ, ಮುದಿಯ ಚಿಂತೆ

ನಾಟಿಕೋಳಿಯು ಕಾವಿಗೆ ಕೂರುತ್ತಲೇ ಮಕ್ಕಳು ಮರಿ ಬೇಕೆನ್ನುವರು. ಒಂದು ವಾರಕ್ಕಿಂತ ಹಳೆಯದಲ್ಲದ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟರೆ ಇಪ್ಪತ್ತೊಂದು ದಿನಕ್ಕೆ ಮರಿ. ಏಳನೆಯ ರಾತ್ರಿ ಕತ್ತಲೆಯಲ್ಲಿ ದೀಪದ ಮುಂದೆ ಹಿಡಿದು ನೋಡಿದರೆ ಜೀವವಿರುವ ಮೊಟ್ಟೆಯಲ್ಲಿ ಜೇಡದ ಬಲೆಯಂತೆ ರಕ್ತನಾಳಗಳು ಕಾಣುವುವು. ನಮ್ಮ ಮನೆಯಲ್ಲಿ ಅದನ್ನು ಕಂಡ ರಾತ್ರಿ ಯಾರೂ ಹೊತ್ತಿಗೆ ಸರಿಯಾಗಿ ಮಲಗಲಿಲ್ಲ.

ಆದರೆ ಕಾವಿಗಿಡುವುದಕ್ಕೆ ಮೊದಲು ಇನ್ನೊಂದನ್ನು ಯೋಚಿಸಬೇಕು. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳು. ಐದಾರು ಹುಂಜಗಳು ಒಂದು ಹಿತ್ತಲಿನಲ್ಲಿ ಹೊಂದಿ ಬಾಳಲಾರವು. ಹಾಗೆಯೇ ಎರಡು ಮೂರು ವರ್ಷ ಚೆನ್ನಾಗಿ ಮೊಟ್ಟೆಯಿಟ್ಟ ಹೇಂಟೆಯು ಆ ಮೇಲೆ ವರ್ಷವರ್ಷಕ್ಕೂ ಕಡಮೆ ಮಾಡುವುದು, ಬದುಕುವುದು ಮಾತ್ರ ಇನ್ನೂ ಹಲವು ವರ್ಷ. ಅವುಗಳ ಗತಿಯೇನು? ಸಾರಿಗೋ, ಸಂತೆಗೋ, ಇಲ್ಲವೆ ಸಾಯುವವರೆಗೆ ಹಿತ್ತಲಿನಲ್ಲಿಯೋ? ಯಾವುದು ಸರಿಯೆಂದು ನಾವು ಹೇಳೆವು. ಒಂದೊಂದು ಮನೆಗೂ ಅದರದರ ಆಚಾರವುಂಟು. ಆದರೆ ಏನು ಮಾಡುವೆವೆಂಬುದನ್ನು ಮಕ್ಕಳಿಗೆ ಮೊದಲೇ, ನಿಜವಾಗಿ ಹೇಳಿಬಿಡಿರಿ. ಹೆಸರಿಟ್ಟು ಸಾಕಿದ ಕೋಳಿಯನ್ನು ಶಾಲೆಗೆ ಹೋದ ಹೊತ್ತಿನಲ್ಲಿ ಕೊಯ್ದು, "ಓಡಿಹೋಯಿತು" ಎಂದು ಸುಳ್ಳು ಹೇಳುವ ತಂದೆತಾಯಿಗಳನ್ನು ನಾವು ಬಲ್ಲೆವು. ಕೋಳಿ ಹೋದುದಕ್ಕಿಂತ ಆ ಸುಳ್ಳೇ ಮಗುವಿನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುವುದು. ನಮ್ಮ ಮನೆಯಲ್ಲಿ ಗೊತ್ತುಮಾಡಿಕೊಂಡುದು ಇಷ್ಟು: ಹುಂಜಮರಿಗಳಿಗೆ ಹೆಸರಿಡುವುದಿಲ್ಲ, ಹೆಸರಿಟ್ಟ ಹೇಂಟೆಯನ್ನು ಕೊಡುವುದಿಲ್ಲ. ಇದರಿಂದ ಮೇವಿನ ಲೆಕ್ಕವು ಸ್ವಲ್ಪ ಏರಿರುವುದು ನಿಜ. ಅದನ್ನು ಹೊತ್ತುಕೊಂಡಿದ್ದೇವೆ.

ಇನ್ನು ನಮ್ಮ ವಾಚಕ ಸೋದರಿಯ ಪ್ರಶ್ನೆಗೆ ಬರೋಣ. ಕೋಳಿಯು ಲಾಭವೇ ನಷ್ಟವೇ ಎಂದರೆ, ಹಿತ್ತಲಿದ್ದು ಮೈಗಳ್ಳತನವಿಲ್ಲದ ಮನೆಗೆ ಲಾಭವೇ. ಮೊಟ್ಟೆ, ಗೊಬ್ಬರ, ಕಡಮೆಯಾದ ಹುಳುಹುಪ್ಪಟೆ ಎಲ್ಲವೂ ಸತ್ಯ. ಆದರೆ ಕೋಳಿ ಬೇಕೆನ್ನುವ ಮಕ್ಕಳನ್ನೂ ಬೇಡವೆನ್ನುವ ಯಜಮಾನರನ್ನೂ ಒಂದೆಡೆ ಕೂರಿಸಿಕೊಂಡು ಆ ಅಜ್ಜಿಯ ಪ್ರಶ್ನೆಯನ್ನೇ ಕೇಳಿ ನೋಡಿರಿ: ಸಂಜೆ ಬಾಗಿಲನ್ನು ಹಾಕುವವರು ಯಾರು? ಮಳೆ ಬಂದ ದಿನ ಯಾರು, ಪರೀಕ್ಷೆಯಿರುವ ದಿನ ಯಾರು, ಮದುವೆಗೆ ಹೋದ ದಿನ ಯಾರು? ಉತ್ತರವಾಗಿ "ಯಾರಾದರೂ" ಎಂಬ ಮಾತು ಬಂದರೆ ಯಜಮಾನರ ಪಕ್ಷವೇ ಸರಿ. ಈ ವರ್ಷ ತೊಂಡೆಕಾಯಿಯೇ ಸಾಕು. ಒಬ್ಬರ ಹೆಸರು ಬಂದು, ಆ ಒಬ್ಬರು ತಲೆದೂಗಿದರೆ, ನಾಳೆಯೇ ಬಡಗಿಯನ್ನು ಕರೆಯಿಸಿರಿ.

ನಮ್ಮ ಅಡಿಗೆಮನೆಯ ಗೋಡೆಯ ಮೇಲೆ ಪಂಚಾಂಗದ ಪಕ್ಕದಲ್ಲಿ ಸರದಿಯ ಚೀಟಿಯೊಂದು ತೂಗುತ್ತಿದೆ. ಬಾಗಿಲು ಹಾಕಿದವರು ತಲೆಗಳನ್ನು ಎಣಿಸಿ, ಆ ಸಂಖ್ಯೆಯನ್ನು ಅದರಲ್ಲಿ ಬರೆಯಬೇಕು. ಅದನ್ನು ಗೆರೆ ಎಳೆದು ಮಾಡಿದವಳು ನಮ್ಮ ಕಿರಿಯ ಮಗಳು. ವಾರಕ್ಕೆ ಎರಡು ದಿನ ನಮ್ಮ ಹೆಸರನ್ನೂ ಸೇರಿಸಿರುವಳು. ಇಂದು ನಮ್ಮ ಸರದಿ. ಇಷ್ಟು ಬರೆಯುವಷ್ಟರಲ್ಲಿ ಹೊರಗೆ ಮಬ್ಬು ಕವಿಯುತ್ತ ಬಂದಿದೆ. ಲೇಖನಿಯನ್ನಿಟ್ಟು ಏಳುವೆವು, ಎಣಿಸಬೇಕಾದ ತಲೆಗಳು ಏಳು.